ಅತಿಥಿಗಳು ಎಂಟೂವರೆಗೆ ಬಂದು ಕೂತಿರಬೇಕು

ನನ್ನ ಮಗಳು ಕೆನ್ಯಾ ದೇಶದ ಪ್ರಜೆಯಾಗಿ ಪ್ರಮಾಣ ಮಾಡಿದ ದಿನ, ಅವಳ ಕಡೆಯವರಿಗೆಂದು ಇಟ್ಟಿದ್ದ ಎರಡು ಕುರ್ಚಿಗಳಲ್ಲಿ ಅವಳ ಕಡೆಯವರು ಯಾರೂ ಇರಲಿಲ್ಲ. ಒಂದು ಕುರ್ಚಿ ನನ್ನದು. ಇನ್ನೊಂದು, ಅವಳನ್ನು ಹುಟ್ಟಿದಾಗಿನಿಂದ ಎತ್ತಿ ಆಡಿಸಿದ ಆಯಾಳದು. ರಸ್ತೆಯಲ್ಲಿ ಜಾಮ್ ಆಗಿತ್ತು ಎಂದು ನಾನು ಎಲ್ಲರಿಗೂ ಹೇಳಿದ್ದೇನೆ. ನೈರೋಬಿಯಲ್ಲಿ ಈ ಮಾತು ಹೇಳಿದರೆ ಯಾರೂ ಮತ್ತೆ ಕೇಳುವುದಿಲ್ಲ. ಆದರೆ ಆ ದಿನ ಜಾಮ್ ಇರಲಿಲ್ಲ. ಅದನ್ನು ಬರೆಯಲು ನನಗೆ ನಾಲ್ಕು ವರ್ಷ ಬೇಕಾಯಿತು.

ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ, ಅರಸೀಕೆರೆಯಲ್ಲಿ. ಮೂವತ್ತು ತುಂಬುವ ಮೊದಲೇ ಪರಿಚಯದವರೊಬ್ಬರ ಮಾತಿನ ಮೇಲೆ ಇಲ್ಲಿಗೆ ಬಂದೆ. ಪೇಟೆಯ ನಡುವೆ ಒಂದು ಹಾರ್ಡ್‌ವೇರ್ ಅಂಗಡಿಯ ಗೋದಾಮು ನೋಡಿಕೊಳ್ಳುವ ಕೆಲಸ. ಮೊಳೆ, ಚಿಲಕ, ನಲ್ಲಿ, ತಂತಿ. ಎರಡು ವರ್ಷದ ಮೇಲೆ ಮದುವೆಯಾಗಿ ಹೆಂಡತಿಯನ್ನು ಕರೆತಂದೆ. ಮಗಳು ಇಲ್ಲೇ ಹುಟ್ಟಿದಳು. ಆದರೆ ಅಪ್ಪ ಅಮ್ಮ ಇಬ್ಬರೂ ಹೊರಗಿನವರಾದ್ದರಿಂದ ಅವಳೂ ಕಾಗದದ ಮೇಲೆ ಹೊರಗಿನವಳೇ. ಕೈಯಲ್ಲಿ ಭಾರತದ ಪಾಸ್‌ಪೋರ್ಟ್. ಆ ದೇಶವನ್ನು ಅವಳು ನೋಡಿದ್ದು ಬದುಕಿನಲ್ಲಿ ನಾಲ್ಕು ಸಲ, ಅದೂ ರಜೆಯಲ್ಲಿ. ಅವಳು ನೈರೋಬಿಯದೇ ಬಡಾವಣೆಯಾದ ವೆಸ್ಟ್‌ಲ್ಯಾಂಡ್ಸ್‌ನ ಶಾಲೆಯೊಂದರಲ್ಲಿ ಸಣ್ಣ ಮಕ್ಕಳಿಗೆ ಪಾಠ ಹೇಳುತ್ತಾಳೆ. ಹುಟ್ಟಿದ ಊರಿನಲ್ಲಿ ಕೆಲಸ ಮಾಡಲು ಎರಡೆರಡು ವರ್ಷಕ್ಕೊಮ್ಮೆ ಪರ್ಮಿಟ್ ಕೇಳಬೇಕಿತ್ತು. ಪ್ರತಿ ಸಲವೂ ಆ ಕಾಗದ ಬರುವವರೆಗೆ ಅವಳು ಊಟ ಅರ್ಧಕ್ಕೆ ಬಿಟ್ಟು ಏಳುವುದನ್ನು ನೋಡಿದ್ದೇನೆ. ಈ ದೇಶಕ್ಕೆ ಹೊಸ ಸಂವಿಧಾನ ಬಂದ ಮೇಲೆ ಪೌರತ್ವಕ್ಕೆ ಅರ್ಜಿ ಹಾಕಿದಳು. ಕಚೇರಿ ಅಲೆದಳು. ಕೊನೆಗೆ ೨೦೧೫ರ ಜುಲೈ ತಿಂಗಳಲ್ಲಿ ಪತ್ರ ಬಂತು.

ನಮ್ಮ ದೇಶ ಎರಡು ಪೌರತ್ವ ಒಪ್ಪುವುದಿಲ್ಲ. ಇದನ್ನು ತೆಗೆದುಕೊಂಡರೆ ಅದನ್ನು ಬಿಡಬೇಕು. ಅವಳು ನನ್ನನ್ನು ಮೂರು ಸಲ ಕೇಳಿದಳು. ನಿಮಗೆ ಬೇಡ ಅನಿಸಿದರೆ ಈಗಲೇ ಹೇಳಿ, ಆಮೇಲೆ ಬೇಜಾರು ಮಾಡಿಕೊಳ್ಳಬೇಡಿ ಎಂದಳು. ನಿನಗೆ ಯಾವುದು ಒಳ್ಳೆಯದೋ ಅದು ಮಾಡು ಎಂದು ಮೂರು ಸಲವೂ ಹೇಳಿದೆ. ಒಳಗೆ ಬೇರೆ ಇತ್ತು. ಹೆಂಡತಿ ತೀರಿಹೋದ ಮೇಲೆ, ಒಂದು ದಿನ ನಾನೂ ಮಗಳೂ ಎಲ್ಲ ಕಟ್ಟಿಕೊಂಡು ಹೊರಟುಬಿಡುತ್ತೇವೆ ಎಂಬ ಯೋಚನೆಯೊಂದೇ ನನ್ನನ್ನು ಹಿಡಿದು ನಿಲ್ಲಿಸಿತ್ತು. ಎಲ್ಲಿಗೆ, ಯಾರ ಹತ್ತಿರ ಎಂದು ಯಾರಾದರೂ ಕೇಳಿದ್ದರೆ ಉತ್ತರ ಇರಲಿಲ್ಲ. ಆದರೂ ಆ ನೀಲಿ ಪಾಸ್‌ಪೋರ್ಟ್ ಬೀರುವಿನಲ್ಲಿ ಇರುವವರೆಗೆ ಯೋಚನೆಗೆ ಒಂದು ಆಧಾರ ಇತ್ತು. ಅದನ್ನು ನಾನು ಅವಳಿಗೆ ಹೇಳಲಿಲ್ಲ. ಬಾಯಲ್ಲಿ ಹೇಳದ್ದನ್ನು ಕಾಲಲ್ಲಿ ಹೇಳಿದೆ.

ಪತ್ರದಲ್ಲಿ ಎಲ್ಲ ಸ್ಪಷ್ಟವಾಗಿಯೇ ಇತ್ತು. ಆಗಸ್ಟ್ ತಿಂಗಳ ಒಂದು ಸೋಮವಾರ. ಪ್ರಮಾಣ ಮಾಡುವವರು ಏಳು ಗಂಟೆಗೆ ಬರಬೇಕು. ಒಬ್ಬೊಬ್ಬರಿಗೆ ಇಬ್ಬರು ಅತಿಥಿಗಳು. ಅತಿಥಿಗಳು ಎಂಟೂವರೆಗೆ ಬಂದು ಕೂತಿರಬೇಕು. ಒಂಬತ್ತಕ್ಕೆ ಬಾಗಿಲು ಮುಚ್ಚುತ್ತದೆ, ಆಮೇಲೆ ಯಾರನ್ನೂ ಬಿಡುವುದಿಲ್ಲ. ಅತಿಥಿಗಳಿಬ್ಬರ ಹೆಸರೂ ಇದ್ದ ಚೀಟಿ ಒಂದೇ. ಅದನ್ನು ಮಗಳು ನನ್ನ ಕೈಗೆ ಕೊಟ್ಟಳು.

ಎರಡನೆಯ ಹೆಸರು ಯಾರದೆಂದು ಅವಳು ನನ್ನನ್ನು ಕೇಳಿರಲಿಲ್ಲ. ಕೇಳುವಂಥದ್ದೂ ಆಗಿರಲಿಲ್ಲ. ಆಯಾ ನಮ್ಮ ಮನೆಯಲ್ಲಿ ಇಪ್ಪತ್ತಾರು ವರ್ಷ ಇದ್ದವಳು. ಮಂಡಿ ನೋವು ಜಾಸ್ತಿಯಾದ ಮೇಲೆ ಪಶ್ಚಿಮದ ಕಡೆ ತನ್ನ ಊರಿಗೆ ಹೋಗಿದ್ದಳು. ಬಸ್ಸಿನಲ್ಲಿ ಇಡೀ ಒಂದು ಹಗಲಿನ ದಾರಿ. ನನ್ನ ಹೆಂಡತಿಗೆ ಇಲ್ಲಿಯ ಸ್ವಾಹಿಲಿ ಭಾಷೆ ಹತ್ತಲಿಲ್ಲ. ಅದಕ್ಕೆ ಆಯಾಳೇ ಅಡಿಗೆಮನೆಯಲ್ಲಿ ನಿಂತು ಕನ್ನಡ ಕಲಿತಳು. ಒಗ್ಗರಣೆ, ಹೊತ್ತಾಯ್ತು, ಹಾಳಾಗ್ಹೋಗ್ಲಿ ಎಲ್ಲ ಬರುತ್ತಿತ್ತು. ಮಗಳನ್ನು ನಮ್ಮ ಹಾಗೆಯೇ ಪುಟ್ಟಿ ಎನ್ನುತ್ತಿದ್ದಳು. ನನ್ನನ್ನು ಮೊದಲು ಬ್ವಾನಾ, ಎಂದರೆ ಯಜಮಾನ, ಎನ್ನುತ್ತಿದ್ದವಳು, ನನ್ನ ಕೂದಲು ಬೆಳ್ಳಗಾದ ಮೇಲೆ ಮ್ಜೇ ಎನ್ನಲು ಶುರುಮಾಡಿದ್ದಳು. ಇಲ್ಲಿ ವಯಸ್ಸಾದವರಿಗೆ ಹಾಗೆ ಹೇಳುತ್ತಾರೆ, ಮರ್ಯಾದೆಯ ಮಾತು.

ಶನಿವಾರ ಅವಳು ಬಂದಳು. ಮಗಳು ಅವಳಿಗಾಗಿ ಹೊಸ ಬೂಟು ತಂದಿಟ್ಟಿದ್ದಳು, ಕಪ್ಪು ಬಣ್ಣದ್ದು, ಸ್ವಲ್ಪ ಹಿಮ್ಮಡಿ ಇದ್ದದ್ದು. ಬಿಗಿಯಾಗುತ್ತದೆ ಎಂದು ಆಯಾ ಹೇಳಲಿಲ್ಲ. ಎರಡು ದಿನ ಮನೆಯೊಳಗೇ ಹಾಕಿಕೊಂಡು ಓಡಾಡಿ ಹದ ಮಾಡಿಕೊಂಡಳು.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಮಗಳು ಒಂದು ಹಾಳೆಯ ಮೇಲೆ ಪೆನ್ಸಿಲ್ಲಿನಲ್ಲಿ ಸಭಾಂಗಣದ ಚಿತ್ರ ಬರೆದಳು. ಹಿಂದಿನ ವಾರ ಹೋಗಿ ನೋಡಿ ಬಂದಿದ್ದಳಂತೆ. ಅತಿಥಿಗಳಿಗೆ ಎಡಗಡೆ. ಬೇಗ ಬಂದರೆ ಮೂರನೆಯ ಸಾಲು ಸಿಗುತ್ತದೆ. ತಾನು ಬಲಗಡೆಯಿಂದ ಮೆಟ್ಟಿಲು ಹತ್ತಿ ಮೈಕಿನ ಮುಂದೆ ನಿಂತಾಗ ಮೂರನೆಯ ಸಾಲಿನ ಕಡೆ ನೋಡುತ್ತೇನೆ, ಅಲ್ಲೇ ಇರಿ ಎಂದಳು. ಮೂವತ್ತು ದಾಟಿದ ಹೆಣ್ಣು, ಶಾಲೆಯಲ್ಲಿ ನಾಟಕವಿದ್ದಾಗ ಹೇಳುತ್ತಿದ್ದ ಹಾಗೇ ಹೇಳಿದಳು. ಬೆಳಿಗ್ಗೆ ಆರಕ್ಕೆ ತನ್ನ ಜೊತೆಗೇ ಟ್ಯಾಕ್ಸಿಯಲ್ಲಿ ಬಂದುಬಿಡಿ ಎಂದೂ ಕೇಳಿದಳು. ಈ ಚಳಿಯಲ್ಲಿ ಮೂರು ಗಂಟೆ ಅಲ್ಲಿ ಕೂತು ಏನು ಮಾಡೋಣ, ಕಾರಿದೆ, ನಾವು ಬರುತ್ತೇವೆ ಎಂದೆ.

"ಅಪ್ಪಾ, ಏಟ್ ಥರ್ಟಿ ಅಂದ್ರೆ ಏಟ್ ಥರ್ಟಿ. ದಿಸ್ ಈಸ್ ನಾಟ್ ಸಂಘದ ಫಂಕ್ಷನ್."

ಅವಳು ಹಾಗೆ ಹೇಳಲು ಕಾರಣವಿತ್ತು. ನಮ್ಮ ಕನ್ನಡದವರ ಸಂಘದ ಕಾರ್ಯಕ್ರಮಕ್ಕೆ ಕರೆಯೋಲೆಯಲ್ಲಿ ನಾಲ್ಕು ಎಂದಿದ್ದರೆ ದೀಪ ಹಚ್ಚುವುದು ಐದೂವರೆಗೆ. ನಾಲ್ಕಕ್ಕೇ ಹೋದವನು ಕುರ್ಚಿ ಜೋಡಿಸಬೇಕಾಗುತ್ತದೆ. ಅಂಥವನನ್ನು ನೋಡಿ ನಾವು ನಗುವುದೂ ಉಂಟು. ಅವತ್ತು ಸಂಜೆ ಸಂಘದ ಗೆಳೆಯರೊಬ್ಬರು ಶುಭಾಶಯ ಹೇಳಲು ಫೋನ್ ಮಾಡಿದಾಗ ನಾನು ಎಂಟೂವರೆಯ ಮಾತೆತ್ತಿದೆ. ಯಾರಾದರೂ ಏನಾದರೂ ಹೇಳಲಿ ಎಂದು ಕಾಯುತ್ತಿದ್ದೆನೋ ಏನೋ.

"ಏನ್ರೀ ನೀವು, ಸರ್ಕಾರದ್ ಫಂಕ್ಷನ್ನು," ಎಂದರು ಅವರು. "ದೊಡ್ಡೋರು ಬರೋದು ಹನ್ನೊಂದಕ್ಕೆ. ಎಂಟೂವರೆಗೆ ಹೋದ್ರೆ ನಿಮ್ ಕೈಗೆ ಪೊರಕೆ ಕೊಡ್ತಾರೆ ಅಷ್ಟೆ."

ನಾನು ನಕ್ಕೆ. ಆ ಮಾತನ್ನು ಜೇಬಿನಲ್ಲಿಟ್ಟುಕೊಂಡೆ.

ಇನ್ನೊಂದು ವಿಷಯ ಗೋಡೆಯ ಮೇಲಿತ್ತು. ಪ್ರತಿ ವರ್ಷ ಬೆಂಗಳೂರಿನಿಂದ ಯಾರಾದರೂ ಬರುವವರ ಕೈಯಲ್ಲಿ ನಮಗೊಂದು ಕ್ಯಾಲೆಂಡರ್ ಬರುತ್ತದೆ. ಅದರ ಮೂಲೆಯಲ್ಲಿ ವಾರವಾರದ ರಾಹುಕಾಲ. ಸೋಮವಾರ ಏಳೂವರೆಯಿಂದ ಒಂಬತ್ತು. ನನ್ನ ಹೆಂಡತಿ ಅದನ್ನು ಬಿಗಿಯಾಗಿ ಪಾಲಿಸುತ್ತಿದ್ದಳು. ಆ ಹೊತ್ತಿನಲ್ಲಿ ಶುಭಕಾರ್ಯಕ್ಕೆ ಹೊಸಿಲು ದಾಟುತ್ತಿರಲಿಲ್ಲ. ನಾನು ಅವಳ ಕಾಲದಲ್ಲಿ ಹಾಸ್ಯ ಮಾಡುತ್ತಿದ್ದವನು, ಅವಳು ಹೋದ ಮೇಲೆ ನಾನೇ ಪಾಲಿಸತೊಡಗಿದೆ. ಭಕ್ತಿ ಎನ್ನಲಾರೆ. ಅವಳು ಬಿಟ್ಟುಹೋದ ಕೆಲಸ ಮುಂದುವರಿಸಿದ ಹಾಗೆ.

ಆದರೆ ರಾಹುಕಾಲ ಇದೆ ಎಂದು ಅವಳೇನೂ ಯಾವ ಮದುವೆಯನ್ನೂ ತಪ್ಪಿಸಿಕೊಂಡವಳಲ್ಲ. ಅದಕ್ಕೆ ಪ್ರಸ್ಥಾನ ಇಡುತ್ತಿದ್ದಳು. ಎಂದರೆ, ಕೆಟ್ಟ ಹೊತ್ತು ಶುರುವಾಗುವ ಮೊದಲೇ, ಹೊರಡುವವರ ಚೀಲವನ್ನೋ ಶಾಲನ್ನೋ ಮನೆಯ ಹೊರಗೆ ಬೇರೆಯವರ ಸೂರಿನಡಿ ಇಟ್ಟುಬಿಡುವುದು. ಸಾಮಾನು ಹೊರಟಿತೆಂದರೆ ಮನುಷ್ಯನೂ ಹೊರಟ ಲೆಕ್ಕ; ಆಮೇಲೆ ಯಾವಾಗ ಕಾಲಿಟ್ಟರೂ ದೋಷವಿಲ್ಲ. ನಮ್ಮ ಅಪಾರ್ಟ್‌ಮೆಂಟಿನ ಗೇಟಿನ ಬಳಿ ಕಾವಲುಗಾರನ ಗೂಡಿದೆ, ಇಲ್ಲಿ ಕಾವಲಿನವರನ್ನು ಅಸ್ಕಾರಿ ಎನ್ನುತ್ತಾರೆ. ನನ್ನ ಹೆಂಡತಿಯ ಎಷ್ಟೋ ಚೀಲಗಳು ಆ ಗೂಡಿನಲ್ಲಿ ಕೂತಿವೆ. ಅವನ್ನು ಇಟ್ಟು ಬರಲು ಹೋಗುತ್ತಿದ್ದವಳು ಆಯಾ.

ಸೋಮವಾರ ಐದಕ್ಕೇ ಎದ್ದೆ. ಮಗಳು ಆರಕ್ಕೆ ಹೊರಟಳು. ಅವಳ ಅಮ್ಮನ ಹಸಿರು ಸೀರೆ ಉಟ್ಟಿದ್ದಳು. ಬಾಗಿಲಲ್ಲಿ ನಿಂತು ನನ್ನ ಕೋಟಿನ ಗುಂಡಿ ನೋಡಿ, ಸರಿ ಎಂದು ತಲೆಯಾಡಿಸಿ ಹೋದಳು. ಆಗಸ್ಟಿನ ಚಳಿ, ಮೋಡ ಮುಚ್ಚಿದ ಆಕಾಶ, ಹೊತ್ತು ಹುಟ್ಟಿತೋ ಇಲ್ಲವೋ ತಿಳಿಯುತ್ತಿರಲಿಲ್ಲ. ಏಳಕ್ಕೆ ನಾನು ತಯಾರು. ಆಯಾ ಆಗಲೇ ತಯಾರು: ಚರ್ಚಿಗೆ ಹಾಕುವ ನೀಲಿ ಉಡುಪು, ತಲೆಗೆ ಬಟ್ಟೆ, ನನ್ನ ಹೆಂಡತಿ ಹೆಣೆದುಕೊಟ್ಟಿದ್ದ ಸ್ವೆಟರ್, ಹೊಸ ಬೂಟು. ಆಗಲೇ ಹೊರಟಿದ್ದರೆ ಯಾವ ತಾಪತ್ರಯವೂ ಇರಲಿಲ್ಲ. ನಾನು ಇನ್ನೊಂದು ಲೋಟ ಕಾಫಿ ಕೇಳಿದೆ.

ಅವಳು ಕಾಫಿ ಕೊಟ್ಟು ಗೋಡೆಯ ಕ್ಯಾಲೆಂಡರ್ ಕಡೆ ಒಮ್ಮೆ ನೋಡಿದಳು. ಏಳೂಕಾಲಿಗೆ ಹೊರಗೆ ಹೋಗಿ ಬಂದಳು.

"ಮ್ಜೇ, ನಿಮ್ಮ ಚೀಲ ಗೇಟಲ್ಲಿ ಇಟ್ಟೆ," ಎಂದಳು. "ಅಮ್ಮ ಹಂಗೇ ಮಾಡ್ತಿದ್ರು. ಈಗ ರಾಹು ಏನೂ ಮಾಡಲ್ಲ. ಕಾಫಿ ಕುಡೀರಿ, ಹೋಗೋಣ."

ಚೀಲದಲ್ಲಿ ನನ್ನ ಶಾಲು, ನೀರಿನ ಬಾಟಲಿ, ಮಗಳಿಗೆಂದು ಕಟ್ಟಿದ್ದ ಹೂವು ಇದ್ದವು. ನನ್ನ ಪರವಾಗಿ ಆಗಲೇ ಪ್ರಸ್ಥಾನವಾಗಿತ್ತು. ನನಗೆ ಯಾವ ನೆಪವೂ ಉಳಿದಿರಲಿಲ್ಲ. ಹಾಗೆ ಉಳಿಯದೇ ಹೋದಾಗ ಮನುಷ್ಯನಿಗೆ ಸಮಾಧಾನವಾಗಬೇಕು. ನನಗೆ ಸಿಟ್ಟು ಬಂತು.

ಚೀಲ ತೆಗೆದುಕೊಂಡು ಬಾ ಎಂದೆ. ಅದರಲ್ಲಿ ನನ್ನ ಕನ್ನಡಕವಿದೆ, ಕನ್ನಡಕವಿಲ್ಲದೆ ಚೀಟಿ ಓದುವುದು ಹೇಗೆ ಎಂದೆ.

ಕನ್ನಡಕ ನನ್ನ ಅಂಗಿಯ ಜೇಬಿನಲ್ಲಿತ್ತು. ಆ ಬೆಳಿಗ್ಗೆ ಅದನ್ನು ಒರೆಸಿ ಕೊಟ್ಟವಳೇ ಅವಳು. ಅವಳು ನನ್ನ ಜೇಬನ್ನೊಮ್ಮೆ ನೋಡಿದಳು, ನನ್ನ ಮುಖವನ್ನೊಮ್ಮೆ ನೋಡಿದಳು. "ಸವಾ," ಎಂದಳು. ಆಗಲಿ ಎಂಬುದಕ್ಕೆ ಅದೇ ಮಾತು. ಮೂರು ಮಹಡಿ ಇಳಿದು ಹೋಗಿ, ಮೂರು ಮಹಡಿ ಹತ್ತಿ ಚೀಲವನ್ನು ತಂದು ನನ್ನ ಕಾಲ ಬಳಿ ಇಟ್ಟಳು. ಆಗ ಗೋಡೆಯ ಗಡಿಯಾರದಲ್ಲಿ ಏಳು ಮೂವತ್ತೈದು.

ಒಳಗೆ ಬಂದ ಚೀಲ ಮತ್ತೆ ಹೊರಗೆ ಹೋಗುವಂತಿಲ್ಲ. ಇನ್ನು ಒಂಬತ್ತರ ಮೇಲೆಯೇ ಎಂದೆ. ಅವಳು, ಆ ಚೀಟಿ ಕೊಡಿ, ತಾನು ಮಟಾಟುವಿನಲ್ಲಿ ಮುಂದೆ ಹೋಗಿ ಜಾಗ ಹಿಡಿದಿರುತ್ತೇನೆ, ತನಗೆ ರಾಹು ಇಲ್ಲವಲ್ಲ ಎಂದು ಕೇಳಿದಳು. ಮಟಾಟು ಎಂದರೆ ಇಲ್ಲಿ ಎಲ್ಲರೂ ಏರುವ ಸಣ್ಣ ವ್ಯಾನು. ಮನೆ ಮುಂದಿನಿಂದಲೇ ಪೇಟೆಗೆ ಹೋಗುತ್ತದೆ. ಕೊಟ್ಟಿದ್ದರೆ ಎಂಟೂಕಾಲಿಗೆಲ್ಲ ಮೂರನೆಯ ಸಾಲಿನಲ್ಲಿ ಒಬ್ಬರಾದರೂ ಇರುತ್ತಿದ್ದರು. ಕಾರು ಇರುವಾಗ ಮಟಾಟು ಯಾಕೆ, ಇಬ್ಬರೂ ಒಟ್ಟಿಗೆ ಹೋಗೋಣ ಎಂದೆ. ನಾನಿಲ್ಲದೆ ಅವಳೊಬ್ಬಳೇ ಅಲ್ಲಿ ನನ್ನ ಮಗಳ ಕಡೆಯವಳಾಗಿ ಕೂರುವುದು ನನಗೆ ಬೇಕಿರಲಿಲ್ಲ. ಇದನ್ನೂ ಬರೆಯಬೇಕು.

ಒಂದೂವರೆ ಗಂಟೆ ನಾವಿಬ್ಬರೂ ಹಾಲಿನಲ್ಲಿ ಎದುರುಬದುರು ಕೂತಿದ್ದೆವು. ಎಂಟೂವರೆಗೆ ಮಗಳಿಂದ ಫೋನ್ ಬರಬಹುದು ಎಂದುಕೊಂಡೆ; ಬರಲಿಲ್ಲ. ಒಳಗೆ ಹೋದವರ ಫೋನುಗಳನ್ನು ಬಾಗಿಲಲ್ಲೇ ತೆಗೆದಿಟ್ಟುಕೊಂಡಿದ್ದರಂತೆ. ಬಾಗಿಲು ಮುಚ್ಚುತ್ತೇವೆ ಎಂದು ಬರೆದರೂ ವಯಸ್ಸಾದವನನ್ನು ಕಂಡರೆ ಯಾರಾದರೂ ತೆರೆಯುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಹೋಗಬಾರದು ಎಂದು ನಿಶ್ಚಯ ಮಾಡಿದ್ದೆನೆ ಎಂದು ಈಗ ಕೇಳಿಕೊಂಡರೆ, ಇಲ್ಲ. ಹೋಗಬೇಕು ಎಂದೂ ಇರಲಿಲ್ಲ. ಗಡಿಯಾರವೇ ಏನಾದರೊಂದು ಮಾಡಿಬಿಡಲಿ ಎಂದು ಅದರ ಮುಂದೆ ಕೂತಿದ್ದೆ.

ಒಂಬತ್ತಾಗಿ ಎರಡು ನಿಮಿಷಕ್ಕೆ ಹೊರಟೆವು. ಶಾಲೆಗಳಿಗೆ ರಜೆಯಿದ್ದ ತಿಂಗಳು. ಮೂವತ್ತೈದು ವರ್ಷದಲ್ಲಿ ಆ ರಸ್ತೆಯನ್ನು ಅಷ್ಟು ಖಾಲಿಯಾಗಿ ನಾನು ಕಂಡಿರಲಿಲ್ಲ. ಪ್ರತಿ ವೃತ್ತದಲ್ಲೂ ನಮಗೇ ದಾರಿ ಬಿಟ್ಟ ಹಾಗಿತ್ತು. ಹದಿನೈದು ನಿಮಿಷಕ್ಕೆ ತಲುಪಿಬಿಟ್ಟೆವು. ನಿಧಾನವಾಗಿ ಹೋಗಲೆಂದರೂ ಹಿಂದಿನ ಗಾಡಿಗಳು ಹಾರ್ನ್ ಮಾಡಿ ತಳ್ಳುತ್ತಿದ್ದವು.

ಗೇಟು ಮುಚ್ಚಿತ್ತು. ಒಳಗೆ ಸಮವಸ್ತ್ರ ಹಾಕಿದ ಯುವತಿಯೊಬ್ಬಳು ನಿಂತಿದ್ದಳು. ನಾನು ಚೀಟಿ ತೋರಿಸಿದೆ, ಮಗಳು ಒಳಗಿದ್ದಾಳೆ ಎಂದೆ, ವಯಸ್ಸಾಗಿದೆ ಎಂದೆ, ರಸ್ತೆಯಲ್ಲಿ ಜಾಮ್ ಎಂದೆ. ಆ ಸುಳ್ಳನ್ನು ಮೊದಲು ಹೇಳಿದ್ದು ಅವಳಿಗೆ. ಅವಳು ಒರಟಾಗಿ ಮಾತಾಡಲಿಲ್ಲ. ಚೀಟಿಯನ್ನು ಪೂರ್ತಿ ಓದಿ, ನನಗೆ ಹಿಂತಿರುಗಿಸಿ, "ಪೋಲೆ, ಮ್ಜೇ," ಎಂದಳು. ನಿಮ್ಮ ಕಷ್ಟಕ್ಕೆ ನನಗೂ ಬೇಸರ ಎನ್ನುವಾಗ ಇಲ್ಲಿಯವರು ಹೀಗೆ ಹೇಳುತ್ತಾರೆ. ಆಯಾ ಮುಂದೆ ಬಂದು ತಮ್ಮ ಭಾಷೆಯಲ್ಲಿ ಅವಳಿಗೆ ಬಹಳ ಹೊತ್ತು ಹೇಳಿದಳು. ಗೇಟಿನ ಸರಳುಗಳ ನಡುವೆ ಕೈ ತೂರಿಸಿ ಆ ಹುಡುಗಿಯ ತೋಳು ಹಿಡಿದಳು. ಹುಡುಗಿ ಆ ಕೈಯನ್ನು ಬಿಡಿಸಿಕೊಳ್ಳಲಿಲ್ಲ, ಗೇಟನ್ನೂ ತೆಗೆಯಲಿಲ್ಲ. ನಿಮಗಿಂತ ಮುಂಚೆ ಬಂದ ಮೂರು ಮನೆಯವರನ್ನು ಹಿಂದೆ ಕಳಿಸಿದ್ದೇನೆ, ಈಗ ನಿಮ್ಮನ್ನು ಹೇಗೆ ಬಿಡಲಿ ಎಂದಳು. ಅಲ್ಲಿ ಯಾರೂ ನನಗೆ ಅನ್ಯಾಯ ಮಾಡುತ್ತಿರಲಿಲ್ಲ.

ಕೊನೆಗೆ ಅವಳು ಮಾಡಬಹುದಾದದ್ದನ್ನು ಮಾಡಿದಳು. ಕಾಂಪೌಂಡಿನ ಪಕ್ಕದ ಗೋಡೆಗೆ ತಾಗಿದಂತೆ ಸಭಾಂಗಣದ ಕಿಟಕಿಗಳಿವೆ, ಅಲ್ಲಿ ನಿಂತರೆ ಧ್ವನಿವರ್ಧಕ ಕೇಳುತ್ತದೆ ಎಂದು ತೋರಿಸಿದಳು. ತನ್ನ ಗೂಡಿನಿಂದ ಪ್ಲಾಸ್ಟಿಕ್ ಕುರ್ಚಿಯೊಂದನ್ನು ಪಕ್ಕದ ಸಣ್ಣ ಬಾಗಿಲಿನಿಂದ ತಂದು ಹಾಕಿದಳು. ಇಲ್ಲಿ ಧನ್ಯವಾದಕ್ಕೆ ಅಸಾಂಟೆ ಎನ್ನುತ್ತಾರೆ. "ಅಸಾಂಟೆ," ಎಂದು ಹೇಳಿ ನಾನು ಕೂತೆ.

ಕಿಟಕಿಗಳು ನಮ್ಮ ತಲೆಯಿಂದ ಬಹಳ ಎತ್ತರದಲ್ಲಿದ್ದವು. ಗಾಜಿನ ಪಟ್ಟಿಗಳ ಸಂದಿನಿಂದ ಸದ್ದು ಬರುತ್ತಿತ್ತು. ಕಾಣುವುದು ಏನೂ ಇರಲಿಲ್ಲ. ರಾಷ್ಟ್ರಗೀತೆ ಶುರುವಾಯಿತು. ಆಯಾ ನೆಟ್ಟಗೆ ನಿಂತು ಸಣ್ಣಗೆ ಹಾಡಿದಳು. ನಾನೂ ಎದ್ದು ನಿಂತೆ. ಅದು ಮುಗಿದ ಮೇಲೆ ಕೂತೆ. ಯಾರೋ ಭಾಷಣ ಮಾಡಿದರು. ಆಮೇಲೆ ಒಬ್ಬೊಬ್ಬರನ್ನೇ ಕರೆಯತೊಡಗಿದರು. ಕರೆಸಿಕೊಂಡವರು ಮೈಕಿನ ಮುಂದೆ ಬಂದು, ನಾನು ಇಂಥವನು, ಇಂಥವಳು ಎಂದು ಹೆಸರು ಹೇಳಿ ಪ್ರಮಾಣ ಓದುತ್ತಿದ್ದರು. ಕೆಲವರು ಇಂಗ್ಲಿಷಿನಲ್ಲಿ, ಕೆಲವರು ಸ್ವಾಹಿಲಿಯಲ್ಲಿ. ಹೆಸರುಗಳೆಲ್ಲ ಆ ಸದ್ದಿನಲ್ಲಿ ಕಲಸಿಹೋಗುತ್ತಿದ್ದವು. ಹಿಂದೆ ರಸ್ತೆಯಲ್ಲಿ ಮಟಾಟುಗಳ ಕಂಡಕ್ಟರುಗಳು ಕೂಗುತ್ತಿದ್ದರು.

ನಾನು ಮಗಳ ಇಂಗ್ಲಿಷ್ ದನಿಗಾಗಿ ಕಾಯುತ್ತಿದ್ದೆ. ಒಂದು ಹೆಣ್ಣಿನ ದನಿ ಬಂದಾಗ ಇದೇ ಎಂದುಕೊಂಡೆ, ಅಲ್ಲ. ಇನ್ನೊಂದು ಬಂತು, ಅದೂ ಅಲ್ಲ. ಮತ್ತೊಬ್ಬಳು ಸ್ವಾಹಿಲಿಯಲ್ಲಿ, ತಡವರಿಸದೆ, ಒಂದೊಂದೇ ಮಾತನ್ನು ಮಕ್ಕಳಿಗೆ ಹೇಳಿಕೊಡುವ ಹಾಗೆ ಬಿಡಿಸಿ ಓದುತ್ತಿದ್ದಳು. ಇಲ್ಲಿಯವಳೇ ಯಾರೋ ಎಂದುಕೊಂಡು ನಾನು ಕೋಟಿನ ಧೂಳು ಕೊಡವುತ್ತಿದ್ದೆ.

ಆಯಾ ನನ್ನ ಭುಜ ಮುಟ್ಟಿದಳು. "ಕೇಳಿ ಮ್ಜೇ. ನಮ್ಮ ಪುಟ್ಟಿ."

ನಾನು ಕಿವಿ ಕೊಡುವ ಹೊತ್ತಿಗೆ ಮುಕ್ಕಾಲು ಮುಗಿದಿತ್ತು. ಕೊನೆಯ ಎರಡು ವಾಕ್ಯ ಕೇಳಿದೆ. ನನಗೆ ಬರುವುದು ಅಂಗಡಿಯ ಸ್ವಾಹಿಲಿ; ಅರ್ಥವಾದದ್ದು ದೇವರು ಎಂಬ ಒಂದು ಮಾತು ಮಾತ್ರ. ತಿಂಗಳಿಂದ ಅವಳು ಪ್ರತಿದಿನ ಮನೆಯಿಂದ ಹೊರಗಿದ್ದಾಗ ಆಯಾಳಿಗೆ ಫೋನ್ ಮಾಡಿ ಅದನ್ನು ಒಪ್ಪಿಸಿ ತಿದ್ದಿಸಿಕೊಂಡಿದ್ದಳಂತೆ. ಆಯಾ ತುಟಿಯಲ್ಲೇ ಅವಳ ಜೊತೆ ಹೇಳುತ್ತಿದ್ದಳು. ಆ ಭಾಷೆಯಲ್ಲಿ ನನ್ನ ಮಗಳ ದನಿ ಹೇಗಿರುತ್ತದೆ ಎಂದು ಮೂವತ್ತು ವರ್ಷ ಒಂದೇ ಮನೆಯಲ್ಲಿದ್ದೂ ನಾನು ಕೇಳಿಸಿಕೊಂಡಿರಲಿಲ್ಲ. ಒಳಗೆ ಚಪ್ಪಾಳೆ ಬಿತ್ತು. ಆಯಾಳೂ ಚಪ್ಪಾಳೆ ತಟ್ಟಿದಳು, ಗೋಡೆಯ ಕಡೆ ಮುಖ ಮಾಡಿಕೊಂಡು.

ಆ ಹೊತ್ತಿಗೆ ಅವಳು ಮೂರನೆಯ ಸಾಲಿನ ಕಡೆ ನೋಡಿರಬೇಕು.

ಎಲ್ಲ ಮುಗಿದು ಬಾಗಿಲು ತೆರೆದಾಗ ಹನ್ನೊಂದೂವರೆ. ಜನ ನಗುತ್ತ, ಸಣ್ಣ ಬಾವುಟ ಹಿಡಿದು ಹೊರಬಂದರು. ಮಗಳು ಕಡತವೊಂದನ್ನು ಎದೆಗವಚಿಕೊಂಡು ಬಂದಳು. ನಮ್ಮನ್ನು ಗೇಟಿನ ಹೊರಗೆ ಕಂಡು ನಿಂತಳು. ನಾನು ಅವಳು ಕೇಳುವ ಮೊದಲೇ ಹೇಳಿದೆ: ವೆಸ್ಟ್‌ಲ್ಯಾಂಡ್ಸ್ ಕಡೆಯಿಂದ ಬಂದ ಗಾಡಿಗಳೆಲ್ಲ ನಿಂತುಬಿಟ್ಟಿದ್ದವು, ಒಂದು ಗಂಟೆ ಕದಲಲಿಲ್ಲ. ಅವಳು ನನ್ನನ್ನು ನೋಡಲಿಲ್ಲ, ಆಯಾಳನ್ನು ನೋಡಿದಳು.

"ಜಾಮ್, ಪುಟ್ಟಿ," ಎಂದಳು ಆಯಾ. "ಬಹಳ ಜಾಮ್."

ಹಾಗೆ ಹೇಳು ಎಂದು ನಾನು ಹೇಳಿಕೊಟ್ಟಿರಲಿಲ್ಲ. ಆಣೆ ಮಾಡಿ ಹೇಳುತ್ತೇನೆ, ಹೇಳಿಕೊಟ್ಟಿರಲಿಲ್ಲ. ಅವಳು ಪ್ರತಿ ಭಾನುವಾರ ಚರ್ಚಿಗೆ ಹೋಗುವ ಹೆಂಗಸು. ಮಗಳು "ಇಟ್ಸ್ ಓಕೆ, ಅಪ್ಪಾ," ಎಂದು ನನ್ನ ತೋಳು ತಟ್ಟಿದಳು. ಕಾರಿನಲ್ಲಿ ಮನೆಗೆ ಬರುವಾಗ, ನಿಮ್ಮ ಕುರ್ಚಿಯ ಮೇಲೆ ಯಾರೋ ಒಂದು ಪಾಪುವನ್ನು ಮಲಗಿಸಿದ್ದರು, ಚೆನ್ನಾಗಿ ನಿದ್ದೆ ಮಾಡಿತು ಎಂದು ತಮಾಷೆಯಾಗಿ ಹೇಳಿದಳು. ಹೂವು ಚೀಲದಲ್ಲೇ ಬಾಡಿತ್ತು. ರಸ್ತೆ ಆಗಲೂ ಖಾಲಿಯೇ ಇತ್ತು. ಅವಳು ಕಿಟಕಿಯಿಂದ ಹೊರಗೆ ನೋಡುತ್ತಿದ್ದಳು.

ಆಯಾ ಮರುದಿನ ಊರಿಗೆ ಹೋದಳು. ಬಸ್ ನಿಲ್ದಾಣಕ್ಕೆ ನಾನೇ ಕಾರಿನಲ್ಲಿ ಬಿಟ್ಟೆ. ದಾರಿಯಲ್ಲಿ ಏನಾದರೂ ಹೇಳುತ್ತಾಳೆಂದು ಕಾದೆ, ನಾನೇ ಹೇಳಬೇಕೆಂದೂ ಎಣಿಸಿದೆ. ಅವಳು ಬೂಟನ್ನು ಕಾಗದದಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡಿದ್ದಳು, ಕಾಲಿಗೆ ಹಳೆಯ ಚಪ್ಪಲಿ. ಇಳಿಯುವಾಗ, ಮಾತ್ರೆ ಹೊತ್ತಿಗೆ ಸರಿಯಾಗಿ ತಗೊಳ್ಳಿ ಮ್ಜೇ ಎಂದಳು. ಅಷ್ಟೇ.

ಕೆಲವು ವಾರಗಳ ಮೇಲೆ ದೇವಸ್ಥಾನದಲ್ಲಿ ಅರ್ಚಕರ ಹತ್ತಿರ ಮಾತಿಗೆ ಮಾತು ಬಂದು ರಾಹುಕಾಲದ ವಿಷಯ ಎತ್ತಿದೆ. ಅವರು ಉಡುಪಿ ಕಡೆಯವರು, ಚಿಕ್ಕ ವಯಸ್ಸು. ನಾನು ಬೆಂಗಳೂರಿನ ಕ್ಯಾಲೆಂಡರ್ ನೋಡುತ್ತೇನೆಂದಾಗ ನಕ್ಕುಬಿಟ್ಟರು.

"ಇಲ್ಲಿ ಸೂರ್ಯ ಹುಟ್ಟುವುದೇ ಆರೂವರೆಗಲ್ಲವಾ ರಾಯರೇ. ರಾಹುಕಾಲ ಹೊತ್ತು ಹುಟ್ಟಿದ್ದರ ಮೇಲೆ ಲೆಕ್ಕ. ಸೋಮವಾರ ಇಲ್ಲಿ ಎಂಟರ ತನಕ ಎಂಥ ದೋಷವೂ ಇಲ್ಲ. ನಿಮ್ಮ ರಾಹು ಇನ್ನೂ ಬೆಂಗಳೂರಲ್ಲೇ ಉಂಟು."

ಅಂದರೆ ನಾನು ಚೀಲ ವಾಪಸು ತರಿಸಿಕೊಂಡು ಕೂತ ಅರ್ಧ ಗಂಟೆ ಒಳ್ಳೆಯ ಹೊತ್ತು. ಹೊರಟ ಒಂಬತ್ತು ಗಂಟೆ ನಿಜವಾದ ರಾಹುಕಾಲ. ಮೂವತ್ತೈದು ವರ್ಷ ನಾವು ಈ ಊರಿನಲ್ಲಿದ್ದು ಇನ್ನೊಂದು ಊರಿನ ಸೂರ್ಯನನ್ನು ನೋಡಿಕೊಂಡು ಹೊಸಿಲು ದಾಟಿದ್ದೆವು. ನಾನೂ ಅವರ ಜೊತೆ ನಕ್ಕೆ. ಮನೆಗೆ ಬಂದು ಆ ಕ್ಯಾಲೆಂಡರ್ ತೆಗೆದುಹಾಕಿದೆ. ಆದರೆ ತಪ್ಪನ್ನು ಅದರ ತಲೆಗೆ ಕಟ್ಟಲಾಗಲಿಲ್ಲ. ಕನ್ನಡಕ ನನ್ನ ಜೇಬಿನಲ್ಲಿತ್ತು.

ಹೋದ ವರ್ಷ ಆಯಾ ತೀರಿಕೊಂಡಳು. ಮಗಳು ಶಾಲೆಗೆ ರಜೆ ಹಾಕಿ ಮಣ್ಣಿಗೆ ಹೋಗಿ ಬಂದಳು. ನನ್ನ ಆರೋಗ್ಯ ಸರಿಯಿಲ್ಲವೆಂದು ನಾನು ಹೋಗಲಿಲ್ಲ. ಅದು ಸುಳ್ಳಲ್ಲ, ಆದರೆ ಸರಿಯಿದ್ದಿದ್ದರೆ ಹೋಗುತ್ತಿದ್ದೆನೋ ಗೊತ್ತಿಲ್ಲ.

ಆಮೇಲೆ ಇದನ್ನು ಬರೆಯಲು ಕೂತೆ. ನನಗೆ ಬರೆಯಲು ಬರುವುದು ಕನ್ನಡ ಒಂದೇ. ಮಗಳಿಗೆ ಕನ್ನಡ ಕೇಳಿದರೆ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಮೇಜಿನ ಮೇಲೆ ತೆರೆದಿಟ್ಟರೂ ಅವಳಿಗೆ ತಿಳಿಯದು. ಹಾಗೆ ಬರೆದಿಟ್ಟು ಒಪ್ಪಿಕೊಂಡೆ ಎಂದುಕೊಳ್ಳುವುದು ಇನ್ನೊಂದು ಕನ್ನಡಕದ ಕಥೆಯೇ ಆಗುತ್ತದೆ ಎಂದು ಅನಿಸಿತು. ಹೋದ ಭಾನುವಾರ ಬೆಳಿಗ್ಗೆ ತಿಂಡಿಯಾದ ಮೇಲೆ, ಸ್ವಲ್ಪ ಕೂತುಕೋ ಎಂದು ಹೇಳಿ ಇಲ್ಲಿಯವರೆಗಿನ ಹಾಳೆಗಳನ್ನು ಅವಳಿಗೆ ಓದಿದೆ. ನಡುವೆ ಎರಡು ಸಲ ಓದು ನಿಲ್ಲಿಸಿದೆ. ಅವಳು ನೀರು ತಂದುಕೊಟ್ಟಳು. ಚೀಲದ ಮಾತು ಬಂತು, ಕನ್ನಡಕದ ಮಾತು ಬಂತು, ಜಾಮ್ ಬಂತು. ಅವಳು ತಲೆ ತಗ್ಗಿಸಿ ಕೇಳುತ್ತಿದ್ದಳು.

ಓದಿ ಮುಗಿಸಿ ಹಾಳೆಗಳನ್ನು ಜೋಡಿಸಿ ಇಟ್ಟೆ. ಅವಳು ಬೈಯಲಿ, ಅಳಲಿ, ಇಟ್ಸ್ ಓಕೆ ಎನ್ನಲಿ, ಯಾವುದಕ್ಕಾದರೂ ನಾನು ತಯಾರಾಗಿದ್ದೆ.

"ಅಪ್ಪಾ," ಎಂದಳು. "ದಟ್ ಚೇರ್. ಆಯಾ ಕೂತ್ಕೊಂಡ್ಳಾ?"

ನನಗೆ ಮೊದಲು ಯಾವ ಕುರ್ಚಿ ಎಂದೇ ತಿಳಿಯಲಿಲ್ಲ. ಸಭಾಂಗಣದ ಕುರ್ಚಿ ಎಂದುಕೊಂಡೆ. ಆಮೇಲೆ ಗೂಡಿನಿಂದ ತಂದ ಪ್ಲಾಸ್ಟಿಕ್ ಕುರ್ಚಿ ನೆನಪಾಯಿತು.

"ಒಂದೇ ಇತ್ತು," ಎಂದೆ.

"ಟೂ ಅವರ್ಸ್?"

ನಾನು ಜೋಡಿಸಿಟ್ಟಿದ್ದ ಹಾಳೆಗಳನ್ನು ಮತ್ತೆ ಜೋಡಿಸಿದೆ.

"ಅವಳ ಮಂಡಿ, ಅಪ್ಪಾ," ಎಂದಳು ಮಗಳು. ದನಿ ಏರಿಸಿ ಹೇಳಲಿಲ್ಲ. ಎದ್ದು ತಟ್ಟೆ ಲೋಟ ತೆಗೆದುಕೊಂಡು ಅಡಿಗೆಮನೆಗೆ ಹೋದಳು. ನಲ್ಲಿ ಬಿಟ್ಟ ಸದ್ದು ಬಹಳ ಹೊತ್ತು ಕೇಳುತ್ತಿತ್ತು, ತೊಳೆಯಲು ಅಷ್ಟು ಪಾತ್ರೆಗಳಿರಲಿಲ್ಲ.

ನಾನು ಹಾಳೆ ತೆಗೆದು ಆ ಜಾಗವನ್ನು ಮತ್ತೆ ನೋಡಿದೆ. ಅಸಾಂಟೆ ಎಂದು ಹೇಳಿ ನಾನು ಕೂತೆ, ಎಂದು ಬರೆದಿದ್ದೇನೆ. ಅದನ್ನು ತಪ್ಪೊಪ್ಪಿಗೆ ಎಂದು ಬರೆದಿರಲಿಲ್ಲ. ಆ ದಿನ ನಡೆದದ್ದನ್ನೆಲ್ಲ ಬರೆಯುವಾಗ ಅದೂ ಒಂದು ಎಂದು ಬರೆದಿದ್ದೆ. ಈಗ ತಿದ್ದಲು ಹೋಗಿಲ್ಲ, ಇದ್ದ ಹಾಗೆಯೇ ಬಿಟ್ಟಿದ್ದೇನೆ.